ತವರದ ಪಾಲು

ಆರಿನ್ ಆ ಎಲುಬನ್ನು ತಂದು ಕಾಫಿ ಲೋಟಗಳ ನಡುವೆ ಇಟ್ಟ. ಎಲ್ಕ್ ಜಿಂಕೆಯ ಹೆಗಲ ಎಲುಬು. ಮೊಳದುದ್ದದ್ದು, ಒಂದು ಚಳಿಗಾಲದ ಹಿಮಕ್ಕೂ ಆಮೇಲಿನ ಬಿಸಿಲಿಗೂ ಸುಣ್ಣದಂತೆ ಬೆಳ್ಳಗಾಗಿತ್ತು. ಅದರ ನಡುವೆ ಒಂದು ಗುಳಿ, ಗುಳಿಯಿಂದ ನಾಲ್ಕು ಕಡೆಗೂ ಹರಿದ ಬಿರುಕು. ಅವನು ಜೇಬಿನಿಂದ ಚಾಕು ತೆಗೆದು ಗುಳಿಯ ಅಂಚನ್ನು ಕೆರೆದ. ಬೂದು ಬಣ್ಣದ ಪುಡಿ ಮೇಜಿನ ಹಾಸಿನ ಮೇಲೆ ಉದುರಿತು.

"ನೋಡು ಥೋರಾ," ಎಂದ. "ನಿನ್ನ ಲೋಹ."

ಥೋರಾ ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಅವಳ ಗಂಡ ಲೈಲ್ ಸೊಂಟದ ಕೆಳಗೆ ದಿಂಬು ಕೊಟ್ಟುಕೊಂಡು ಕೂತಿದ್ದ. ಏಪ್ರಿಲ್‌ನಲ್ಲಿ ಗರಗಸದ ಮಿಲ್ಲಿನಲ್ಲಿ ಮರದ ದಿಮ್ಮಿಗಳ ಮೇಲಿಂದ ಜಾರಿ ಬಿದ್ದವನಿಗೆ ಊರುಗೋಲು ಇನ್ನೂ ಬಿಟ್ಟಿರಲಿಲ್ಲ. ಅಣ್ಣ ಆರಿನ್‌ನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿದ.

"ಎಲ್ಲಿ ಸಿಕ್ತು?" ಎಂದು ಕೇಳಿದಳು ಥೋರಾ.

"ಗುಡ್ಡದ ಆ ಕಡೆ ಇಳಿಜಾರಲ್ಲಿ. ಹೋದ ನವೆಂಬರ್‌ನಲ್ಲಿ ಎರಡು ದಿವಸ ನಾನು ಈ ಕಡೆ ಹುಡುಕ್ತಾ ಇದ್ದೆ, ಅದು ಆ ಕಡೆ ಹೋಗಿ ಸತ್ತಿತ್ತು. ಎಷ್ಟು ಹೊತ್ತು ನರಳಿ ಸತ್ತಿತೋ." ಆರಿನ್ ಚಾಕು ಮಡಚಿದ. "ಅರವತ್ತು ಹೆಜ್ಜೆ ದೂರ ಅಷ್ಟೆ. ಸರಿಯಾಗಿ ಹೆಗಲಿಗೇ ಬಿತ್ತು. ಮಂಡಿ ಊರಿದ್ದು ಕಣ್ಣಾರೆ ಕಂಡೆ. ಆಮೇಲೆ ಎದ್ದು ಹೊರಟೇ ಹೋಯ್ತು. ಗುಂಡು ಎಲುಬಿಗೆ ಬಡಿದು ಬಿಸ್ಕತ್ತಿನ ಹಾಗೆ ಪುಡಿಪುಡಿ ಆಗಿದೆ ನೋಡು. ಇದನ್ನೇ ಅಲ್ವಾ ನೀನು ಇಡೀ ಕೌಂಟಿಗೇ ಒಳ್ಳೇ ಲೋಹ ಅಂದಿದ್ದು?"

ಹೌದು, ಅವಳು ಹಾಗೆಂದಿದ್ದಳು. ಹ್ಯಾಲ್ವರ್ ಊರಿನ ವಾರಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಅಚ್ಚುಯಂತ್ರದ ಮುಂದೆ ಕೂತವಳು ಅವಳು. ಕೀಲಿ ಒತ್ತಿದಂತೆ ಕರಗಿದ ಸೀಸ ಒಳಗೆ ಹರಿದು, ಒಂದೊಂದು ಸಾಲೂ ಅಕ್ಷರಸಮೇತ ಎರಕವಾಗಿ, ಬಿಸಿಬಿಸಿಯಾಗಿ ತಟ್ಟೆಗೆ ಬೀಳುತ್ತಿತ್ತು. ಗುರುವಾರ ಪತ್ರಿಕೆ ಹೊರಟ ಮೇಲೆ ಸಾಲುಗಳನ್ನೆಲ್ಲ ಮತ್ತೆ ಕಡಾಯಿಗೆ ಹಾಕಿ ಕರಗಿಸಿ, ಮೇಲೆ ತೇಲಿದ ಕಿಟ್ಟ ತೆಗೆದು, ಗಟ್ಟಿಗಳಾಗಿ ಹೊಯ್ದಿಡುವುದೂ ಅವಳದೇ ಕೆಲಸವಾಗಿತ್ತು. ಊರಿನ ಮದುವೆ, ಹರಾಜು, ಸಾವು, ಶಾಲೆಯ ಊಟದ ಪಟ್ಟಿ ಎಲ್ಲ ಅದೇ ಲೋಹದಲ್ಲಿ ಮೂಡಿ ಅದೇ ಲೋಹಕ್ಕೆ ಮರಳಿದ್ದವು. ಹೊಸ ಬಗೆಯ ಮುದ್ರಣ ಬರುವುದೆಂದು ಹೋದ ವರ್ಷ ಖಾತ್ರಿಯಾದ ಮೇಲೆ ಹೆಚ್ಚಾಗಿ ಉಳಿದಿದ್ದ ಲೋಹದ ಗಟ್ಟಿಗಳನ್ನು ಸಂಪಾದಕರು ಅವಳಿಗೇ ಕೊಟ್ಟುಬಿಟ್ಟರು. ಈ ಮಾರ್ಚ್‌ನಲ್ಲಿ ಯಂತ್ರವೂ ನಿಂತಿತು. ಹೋದ ವರ್ಷದ ಬೇಟೆಗೆ ಮುಂಚೆ ಆರಿನ್ ಒಂದು ಖಾಲಿ ಡಬ್ಬಿ ಹಿಡಿದು ಬಂದು, "ನಿನ್ನ ಲೋಹ ಗುಂಡಿಗಾಗುತ್ತಾ?" ಎಂದು ಕೇಳಿದಾಗ ಅವಳು ತಲೆಯೆತ್ತಿ ಸಹ ನೋಡದೆ, "ಇದಕ್ಕಿಂತ ಒಳ್ಳೇದು ಈ ಕೌಂಟಿಯಲ್ಲಿ ಇನ್ನೊಂದಿಲ್ಲ," ಎಂದಿದ್ದಳು.

ಆರಿನ್ ಕಾಫಿಯ ಕೊನೆಯ ಗುಟುಕು ಕುಡಿದು ಎದ್ದ. "ಈ ಸಲ ನೀನು ಬರೋ ಹಾಗಿಲ್ಲ ಲೈಲ್. ಯೋಚನೆ ಬೇಡ. ನಾನು ಹೊಡೆದದ್ದರಲ್ಲಿ ಅರ್ಧ ನಿಮಗೆ."

"ನಾನು ಬರ್ತೀನಿ," ಎಂದಳು ಥೋರಾ.

"ನೀನು ಬಂದೂಕು ಮುಟ್ಟಿ ಎಷ್ಟು ವರ್ಷ ಆಯ್ತು?"

"ಸೈಕಲ್ಲೂ ಮುಟ್ಟಿಲ್ಲ ಹತ್ತು ವರ್ಷದಿಂದ. ಹತ್ತಿದ್ರೆ ಬೀಳಲ್ಲ."

ಲೈಲ್ ಮೂಗಿನಲ್ಲೇ ನಕ್ಕ. ಆರಿನ್ ನಗಲಿಲ್ಲ. "ಬರೋದಾದ್ರೆ ಬಾ. ಅಂಗಡೀಲಿ ತಾಮ್ರದ ಕವಚದ ತೋಟಾ ಸಿಗುತ್ತೆ, ಒಂದು ಪೆಟ್ಟಿಗೆ ತಗೋ."

"ನನ್ನ ಲೋಹದ್ದೇ ತರ್ತೀನಿ."

ಅವನು ಟೋಪಿ ಹಾಕಿಕೊಂಡ. "ಹಾಗಾದ್ರೆ ಗಾಯವಾದ ಪ್ರಾಣಿ ಹಿಂದೆ ನೀನೊಬ್ಬಳೇ ತೆವಳು. ನಾನು ಬರಲ್ಲ. ಒಂದು ಸಲ ತೆವಳಿದ್ದು ಈ ಜನ್ಮಕ್ಕೆ ಸಾಕು." ಎಲುಬನ್ನು ಅಲ್ಲೇ ಬಿಟ್ಟು ಹೋದ.

ಅವನ ಪಿಕಪ್ ಸದ್ದು ತಿರುವಿನಲ್ಲಿ ಮರೆಯಾದ ಮೇಲೆ ಲೈಲ್, "ಅವನ ಮಾತು ಮನಸ್ಸಿಗೆ ಹಚ್ಕೋಬೇಡ. ಅವನಿಗೆ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟದಿದ್ರೆ ಉಂಡದ್ದು ಜೀರ್ಣ ಆಗಲ್ಲ," ಎಂದ.

"ಇಲ್ಲ. ಅವನು ಕೇಳಿದ್ದ, ನಾನು ಹೇಳಿದ್ದೆ. ತಪ್ಪು ನಂದೇ." ಅವಳು ಪುಡಿಯನ್ನು ಬೆರಳಿಂದ ಒತ್ತಿ ಎತ್ತಿಕೊಂಡಳು. "ಅಕ್ಷರಕ್ಕೆ ಅಂಚು ಬೇಕು ಲೈಲ್. ಸಾವಿರ ಹಾಳೆ ಒತ್ತಿದ್ರೂ ಅದು ಬಗ್ಗಬಾರದು. ಅದಕ್ಕೇ ಆ ಲೋಹವನ್ನ ಅಷ್ಟು ಗಟ್ಟಿ ಮಾಡಿರ್ತಾರೆ. ಗುಂಡಿನ ಕೆಲಸ ಬೇರೆ. ಅದು ಬಗ್ಗಬೇಕು, ಮುರೀಬಾರದು. ಇಷ್ಟು ಯೋಚನೆ ಮಾಡೋಕೆ ನನಗೆ ಎರಡು ನಿಮಿಷ ಸಾಕಾಗಿತ್ತು. ಮಾಡಲಿಲ್ಲ."

ಮರುದಿನವೇ ಅವಳು ಸೌದೆ ಕೊಟ್ಟಿಗೆಯ ಮುಂದೆ, ಗಾಳಿ ಬೆನ್ನ ಹಿಂದಿನಿಂದ ಬೀಸುವ ಕಡೆ, ಕಬ್ಬಿಣದ ಕಡಾಯಿ ಹೂಡಿದಳು. ಚರ್ಚಿನ ಪಾದ್ರಿಯ ಮನೆಯಲ್ಲಿ ಹಳೆಯ ಸೀಸದ ನೀರಿನ ಕೊಳವೆಗಳನ್ನು ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. "ಇಟ್ಕೊಂಡ್ರೆ ಪುಣ್ಯ ಬರುತ್ತೆ," ಎಂದು ಪಾದ್ರಿಯೇ ತಂದು ಇಳಿಸಿದ. ಮೆದು ಸೀಸವೆಂದರೆ ಅದು. ಉಗುರಿನಿಂದ ಗೀಚಿದರೂ ಗೆರೆ ಮೂಡುತ್ತಿತ್ತು. ಬಂದೂಕು ಲೈಲ್‌ನ ಅಜ್ಜನದು, ನಿಧಾನವಾಗಿ ಹೋಗುವ ದಪ್ಪ ಗುಂಡಿನದು. ಅದಕ್ಕೆ ತಕ್ಕ ಎರಕದ ಅಚ್ಚೂ ಮನೆಯಲ್ಲೇ ಇತ್ತು. ಮೊದಲು ಬರಿಯ ಮೆದು ಸೀಸದಲ್ಲೇ ಹನ್ನೆರಡು ಗುಂಡು ಹೊಯ್ದಳು.

ಪರೀಕ್ಷೆಗೆ ಜಲ್ಲಿ ತೆಗೆದ ಹಳೆಯ ಗುಂಡಿಯೊಂದಿತ್ತು. ಮಾರಾಟವಾಗದೆ ಉಳಿದ ಪತ್ರಿಕೆಯ ಕಟ್ಟುಗಳನ್ನು ದನ ನೀರು ಕುಡಿಯುವ ತೊಟ್ಟಿಯಲ್ಲಿ ನೆನೆಹಾಕಿ, ಮರದ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬಿ, ಮುಂದೆ ಕಸಾಯಿ ಅಂಗಡಿಯಿಂದ ತಂದ ದನದ ಎಲುಬನ್ನು ನಿಲ್ಲಿಸಿದರೆ ಅದೇ ಎಲ್ಕ್. ಲೈಲ್ ಪಿಕಪ್ಪಿನ ಹಿಂಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ನೋಟ್‌ಪುಸ್ತಕ ಇಟ್ಟುಕೊಂಡು ಕೂತ.

"ಸಂಪಾದಕೀಯ ಪುಟ ಮುಂದೆ ಇಡು," ಎಂದ. "ಅದನ್ನ ಇಲ್ಲಿವರೆಗೆ ಯಾರೂ ದಾಟಿ ಹೋಗಿಲ್ಲ."

ಮೆದು ಸೀಸ ಎಲುಬನ್ನು ಮುರಿದು ಒಳಗೆ ಹೊಕ್ಕು ರೊಟ್ಟಿಯಂತೆ ಹರಡಿಕೊಂಡಿತ್ತು. ಪುಡಿಯಾಗಿರಲಿಲ್ಲ. ಥೋರಾಳ ಮುಖ ಅರಳಿತು. ಆದರೆ ನೂರು ಹೆಜ್ಜೆಯ ಗುರಿಹಲಗೆಗೆ ಹೊಡೆಯುತ್ತ ಹೋದಂತೆ ನಾಲ್ಕನೆಯದು ಎಡಕ್ಕೆ ಸರಿಯಿತು, ಐದನೆಯದು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ನಳಿಕೆಯೊಳಗೆ ಇಣುಕಿ ನೋಡಿದರೆ ಗುಂಡನ್ನು ಗಿರಕಿ ಹೊಡೆಸುವ ತಿರುವುಗೆರೆಗಳ ಉದ್ದಕ್ಕೂ ಸೀಸ ಬಳಿದುಕೊಂಡಿತ್ತು. ಅದನ್ನು ಉಜ್ಜಿ ತೆಗೆಯಲು ಒಂದಿಡೀ ಮಧ್ಯಾಹ್ನ ಹಿಡಿಯಿತು.

"ಗಟ್ಟಿ ಆದ್ರೆ ಒಡೆಯುತ್ತೆ, ಮೆದು ಆದ್ರೆ ಅಂಟುತ್ತೆ," ಎಂದ ಲೈಲ್. "ನನ್ನ ಅಮ್ಮನ ರೊಟ್ಟಿ ಹಿಟ್ಟಿನ ಕಥೇನೇ."

ಪತ್ರಿಕೆಯ ಅಚ್ಚಿನ ಲೋಹವನ್ನೂ ಮೆದು ಸೀಸವನ್ನೂ ಅರ್ಧಕ್ಕರ್ಧ ಬೆರೆಸಿದಳು. ಒಡೆಯಿತು. ಅಚ್ಚಿನ ಲೋಹ ಒಂದು ಪಾಲು, ಮೆದು ಸೀಸ ನಾಲ್ಕು ಪಾಲು ಹಾಕಿದಳು. ಹೊಯ್ದ ಲೋಹ ಎರಡು ವಾರ ಕೂತಷ್ಟೂ ಗಟ್ಟಿಯಾಗುತ್ತ ಹೋಗುತ್ತದೆಂದು ಅವಳಿಗೆ ಯಂತ್ರದ ಕಾಲದಿಂದಲೇ ತಿಳಿದಿದ್ದರಿಂದ ಪ್ರತಿ ಬಾರಿಯೂ ಹದಿನೈದು ದಿನ ಕಾಯುವಳು. ಪತ್ರಿಕೆಯ ಕಚೇರಿಯಿಂದ ತಂದಿದ್ದ ಚಿತ್ರ ಬರೆಯುವ ಪೆನ್ಸಿಲ್ಲುಗಳ ಪೆಟ್ಟಿಗೆಯೊಂದಿತ್ತು, ಮೆದುವಿನಿಂದ ಗಟ್ಟಿಯವರೆಗೆ ಹದಿನಾಲ್ಕು. ಯಾವ ಪೆನ್ಸಿಲ್ ಜಾರದೆ ಗುಂಡಿನ ಮೈ ಕಚ್ಚುತ್ತದೋ ಅದೇ ಆ ಲೋಹದ ಹದ. ಕೊಳವೆಯ ಸೀಸವನ್ನು ತೀರ ಮೆದುವಾದ ಪೆನ್ಸಿಲ್ಲೇ ಕಚ್ಚಿತು. ಅಚ್ಚಿನ ಲೋಹದ ಮೇಲೆ ಗಟ್ಟಿ ಪೆನ್ಸಿಲ್ಲುಗಳೂ ಜಾರಿದವು. ಒಂದಕ್ಕೆ ನಾಲ್ಕರ ಬೆರಕೆ ನಟ್ಟನಡುವೆ, ಶಾಲೆಯ ಮಕ್ಕಳು ಬರೆಯುವ ಪೆನ್ಸಿಲ್ಲಿಗೆ ಸಿಕ್ಕಿತು. ಇದೇ ಸರಿಯೆಂದು ಅವಳಿಗೆ ಅನ್ನಿಸಿತು. ನಳಿಕೆಗೆ ಅಂಟಲಿಲ್ಲ. ಐದೂ ಗುಂಡು ಅಂಗೈಯಗಲದೊಳಗೆ ಬಿದ್ದವು. ಆದರೆ ನೆನೆದ ಕಾಗದವನ್ನು ಬಗೆದು ತೆಗೆದಾಗ ಗುಂಡಿನ ತಲೆ ಅರಳಿ, ಅರಳಿದ ಎಸಳುಗಳು ಒಂದೊಂದಾಗಿ ಮುರಿದು ಬಿದ್ದಿದ್ದವು. ಹಿಂದಿನ ಮೋಟು ಮಾತ್ರ ಉಳಿದಿತ್ತು.

ಆಗಸ್ಟ್ ಕಳೆಯಿತು. ಪೇಟೆಯಲ್ಲಿ ಸುದ್ದಿ ಹಬ್ಬಿತ್ತು. ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ಯಾರೋ, "ಥೋರಾ, ಈ ವಾರ ಏನು ಹೊಡೆದೆ? ಕ್ರೀಡಾಪುಟನಾ?" ಎಂದು ಕೂಗಿದರು. "ವರ್ಗೀಕೃತ ಜಾಹೀರಾತು," ಎಂದು ಅವಳೂ ನಡೆಯುತ್ತಲೇ ಉತ್ತರ ಕೊಟ್ಟಳು. ಮನೆಗೆ ಬಂದ ಮೇಲೆ ಮಾತ್ರ ಮೋಟುಗಳನ್ನು ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ನೋಡುತ್ತ ಕೂರುವಳು.

ಉತ್ತರ ಸಿಕ್ಕಿದ್ದು ಚಪ್ಪಲಿ ಡಬ್ಬಿಯಲ್ಲಿ. ಯಂತ್ರವಿದ್ದಾಗ ನಾಲ್ಕು ತಿಂಗಳಿಗೊಮ್ಮೆ ಕರಗಿದ ಲೋಹದ ಒಂದು ತುಣುಕನ್ನು ಸರಬರಾಜು ಕಂಪನಿಗೆ ಕಳಿಸಬೇಕಿತ್ತು. ಅವರು ಅದನ್ನು ಒರೆಹಚ್ಚಿ ನೋಡಿ, ಏನು ಕಡಿಮೆಯಾಗಿದೆಯೆಂದು ಚೀಟಿ ಬರೆಯುತ್ತಿದ್ದರು. ಚೀಟಿಗಳನ್ನೆಲ್ಲ ಅವಳು ಕೂಡಿಟ್ಟಿದ್ದಳು. ಒಂದೊಂದಾಗಿ ಓದುತ್ತ ಹೋದಂತೆ ಪ್ರತಿಯೊಂದರ ಕೆಳಗೂ ಅದೇ ಮಾತು ಬೇರೆ ಬೇರೆ ಕೈಬರಹದಲ್ಲಿತ್ತು: ತವರ ಸೇರಿಸಿ.

"ಲೈಲ್, ಇಲ್ಲಿ ಕೇಳು. ಗಟ್ಟಿತನ ಕೊಡೋದು ಸೀಸಕ್ಕೆ ಬೆರೆಸಿರೋ ಆಂಟಿಮನಿ ಅನ್ನೋ ಲೋಹ. ಅದರ ಜೊತೆಗೆ ಅಷ್ಟೇ ತವರ ಇದ್ರೆ ಎರಡೂ ಒಂದನ್ನೊಂದು ಹಿಡ್ಕೊಂಡಿರ್ತವೆ. ಕರಗಿಸಿದಷ್ಟು ಸಲವೂ ಕಿಟ್ಟದ ಜೊತೆ ತವರ ಹೋಗ್ತಾ ಇರುತ್ತೆ. ಆಮೇಲೆ ಆಂಟಿಮನಿ ಒಂಟಿ. ಒಂಟಿಯಾದದ್ದು ಸಿಡುಕುತ್ತೆ."

"ಆರಿನ್ ಹಾಗೆ," ಎಂದ ಲೈಲ್. ಆರಿನ್‌ನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು.

ತವರ ಎಲ್ಲಿಂದ ತರುವುದು? ಅಂಗಡಿಯ ಬೆಸುಗೆ ಕಡ್ಡಿಯಲ್ಲಿ ಅರ್ಧಕ್ಕರ್ಧ ಸೀಸವೇ. ಅದನ್ನು ಸುರಿದಷ್ಟೂ ಲೆಕ್ಕ ತಪ್ಪುತ್ತದೆ. ಥೋರಾ ಹೊಲಿಗೆಯಂತ್ರದ ಮೇಲಿನ ಕಪಾಟಿನಿಂದ ಒಂದು ಲೋಟ ಇಳಿಸಿದಳು. ಕೈಹಿಡಿಯ ದೊಡ್ಡ ಲೋಟ, ಮಸುಕು ಬೆಳ್ಳಿಯಂಥದು, ಗೋಡೆಗೆ ಮುಖಮಾಡಿ ಇಟ್ಟದ್ದು. ಒಳಗಿದ್ದ ಅಂಗಿಯ ಗುಂಡಿಗಳನ್ನು ಮೇಜಿನ ಮೇಲೆ ಸುರಿದಳು. ಯಂತ್ರ ನಿಂತ ದಿನ ಕೇಕ್ ಕತ್ತರಿಸಿ ಸಂಪಾದಕರು ಕೊಟ್ಟ ಉಡುಗೊರೆ. ತಳದಲ್ಲಿ ಪ್ಯೂಟರ್ ಎಂಬ ಮುದ್ರೆಯಿತ್ತು. ಪ್ಯೂಟರ್ ಎಂದರೆ ಮುಕ್ಕಾಲಿಗಿಂತ ಹೆಚ್ಚು ತವರ.

ಲೈಲ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಮುಖದ ಕಡೆ ಕೆತ್ತಿದ ಅಕ್ಷರಗಳನ್ನು ಅವನು ಅದುವರೆಗೆ ನೋಡಿರಲಿಲ್ಲ. "ಇಪ್ಪತ್ತೆರಡು ವರ್ಷಗಳ ನಿಷ್ಠೆಯ ಸೇವೆಗಾಗಿ," ಎಂದು ಓದಿದ. "ಡೋರಾ ಎಂಗೆನ್ ಅವರಿಗೆ." ತಲೆಯೆತ್ತಿದ. "ಡೋರಾ ಯಾರು?"

"ನಾನೇ ಅಂತೆ."

"ಮಾರ್ಚ್‌ನಿಂದ ಹೇಳಲೇ ಇಲ್ಲವಲ್ಲೇ ನೀನು."

"ಏನಂತ ಹೇಳಲಿ? ಎಲ್ಲರೂ ಚಪ್ಪಾಳೆ ತಟ್ತಾ ಇದ್ರು. ಥ್ಯಾಂಕ್ಸ್ ಅಂದೆ, ಬಂದೆ." ಅವಳು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸತೊಡಗಿದಳು. "ಇಪ್ಪತ್ತೆರಡು ವರ್ಷದಲ್ಲಿ ಈ ಊರಿನವರ ಹೆಸರಲ್ಲಿ ಒಂದು ಅಕ್ಷರ ತಪ್ಪಿಸಿಲ್ಲ ನಾನು. ಸತ್ತವರದ್ದೂ ತಪ್ಪಿಸಿಲ್ಲ."

ಲೈಲ್ ಲೋಟವನ್ನು ಅವಳ ಕೈಗೆ ಕೊಟ್ಟು, ಊರುಗೋಲು ಎಳೆದುಕೊಂಡು, ಸೌದೆ ಹೊತ್ತಿಸಲು ತಾನೇ ಮುಂದಾಗಿ ಹೊರಗೆ ನಡೆದ.

ಅವಳು ಲೋಟವನ್ನು ತುಂಡು ಮಾಡಿ, ತೂಗಿ, ಬೇಕಾದಷ್ಟನ್ನೇ ಕಡಾಯಿಗೆ ಬಿಟ್ಟಳು. ಅದು ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಂತೆ ಅಂಚು ಕಳೆದುಕೊಂಡು ಕುಸಿಯಿತು. ಕೆತ್ತಿದ ಅಕ್ಷರಗಳಿದ್ದ ತುಂಡು ಒಂದು ಗಳಿಗೆ ಮೇಲೆ ತೇಲಿ, ಆಮೇಲೆ ಅದೂ ಇಲ್ಲವಾಯಿತು. ಕಿಟ್ಟ ಬೇರ್ಪಡಲೆಂದು ಜೇನುಮೇಣದ ಒಂದು ಚೂರು ಹಾಕಿದಾಗ ಹೊಗೆ ಎದ್ದು ಭಗ್ಗೆಂದು ಹೊತ್ತಿಕೊಂಡಿತು. ಸೌಟಿನಿಂದ ತಳ ಮುಟ್ಟಿ ಕಲಕಿ ಕಿಟ್ಟ ತೆಗೆದಳು. ಕೆಳಗಿನ ಲೋಹ ಕನ್ನಡಿಯಾಗಿತ್ತು. ಅದರಲ್ಲಿ ಆಕಾಶದ ಒಂದು ತುಂಡು, ಕೊಟ್ಟಿಗೆಯ ಸೂರು, ಅವಳ ಟೋಪಿ ಕಾಣಿಸಿದವು. ಅಚ್ಚು ಬಿಸಿಯಾಗುವವರೆಗಿನ ಮೊದಲ ಎಂಟು ಗುಂಡು ಸುಕ್ಕುಸುಕ್ಕಾಗಿ ಬಂದವು. ಅವನ್ನು ಕಡಾಯಿಗೇ ಹಾಕಿದಳು. ಒಂಬತ್ತನೆಯದು ಒದ್ದೆ ಟವೆಲಿನ ಮೇಲೆ ಉರುಳಿ ಬಿದ್ದಾಗ ಅದರ ಅಂಚುಗಳು ಹೊಸ ಅಕ್ಷರದಷ್ಟು ಚೂಪಾಗಿದ್ದವು. ಲೋಹ ಅಚ್ಚಿನ ಮೂಲೆಮೂಲೆಗೂ ಹೋಗಿ ತುಂಬಿಕೊಂಡಿತ್ತು.

ಹದಿನೈದು ದಿನದ ಮೇಲೆ, ಟ್ಯಾಮರ್ಯಾಕ್ ಮರಗಳ ಸೂಜಿಯೆಲೆ ಹಳದಿಗೆ ತಿರುಗುತ್ತಿದ್ದಾಗ, ಮತ್ತೆ ಜಲ್ಲಿಗುಂಡಿಗೆ ಹೋದರು. ಒಂದೇ ಹೊಡೆತ. ಎಲುಬು ಎರಡಾಗಿ ಬಿತ್ತು. ಥೋರಾ ಮಂಡಿಯೂರಿ ಒದ್ದೆ ಪತ್ರಿಕೆಗಳನ್ನು ವರ್ಷದಿಂದ ವರ್ಷಕ್ಕೆ ಬಗೆಯುತ್ತ ಹೋದಳು. ಅಳತೆಯಲ್ಲಿ ಒಂದೂವರೆ ಅಡಿ ಒಳಗೆ, ಯಾವುದೋ ಕಟ್ಟಿಗೆ ಮಾರಾಟದ ಜಾಹೀರಾತಿನ ನಡುವೆ, ಅದು ಕೂತಿತ್ತು. ತಲೆ ಅಣಬೆಯಂತೆ ಅರಳಿ ಎರಡರಷ್ಟು ಅಗಲವಾಗಿತ್ತು. ಅಂಚು ಹಿಂದಕ್ಕೆ ಮಡಿಚಿಕೊಂಡಿತ್ತು. ಒಂದು ಎಸಳೂ ಹೋಗಿರಲಿಲ್ಲ. ಅವಳು ಅದನ್ನು ಏಪ್ರನ್‌ಗೆ ಒರೆಸಿ ಲೈಲ್‌ನ ಅಂಗೈಯಲ್ಲಿಟ್ಟಳು.

ಅವನು ಬಹಳ ಹೊತ್ತು ತಿರುವಿ ತಿರುವಿ ನೋಡಿದ. "ಈ ಡೋರಾ ಗಟ್ಟಿಗಿತ್ತಿ ಕಣೇ," ಎಂದ.

ಆಗ ಅವಳು ನಕ್ಕಳು. ಜಲ್ಲಿಗುಂಡಿಯ ಕೆಸರಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಬೇಟೆಯ ಋತು ಶುರುವಾಗಿ ಎರಡನೆಯ ಶನಿವಾರ ಆರಿನ್ ಪಿಕಪ್ ತಂದು ನಿಲ್ಲಿಸಿದ. ಬೆಳಗಿನ ಜಾವ ಐದಂಗುಲ ಹಿಮ ಬಿದ್ದಿತ್ತು. ದಾರಿಯುದ್ದಕ್ಕೂ ಅವನು ರೇಡಿಯೋ ಸರಿಮಾಡುತ್ತಿದ್ದ. ಗೇಟಿನ ಹತ್ತಿರ ಇಳಿದಾಗ, "ಕವಚದ್ದು ತಂದಿಲ್ಲ ತಾನೇ?" ಎಂದ.

"ಇಲ್ಲ."

"ನಾನು ಗುಡ್ಡದ ನೆತ್ತಿ ಹಿಡಿದು ಹೋಗ್ತೀನಿ. ನೀನು ಕೆಳಗೆ ನೀರಿನ ಹೊಂಡದ ಬದಿ ಹೋಗು." ನಾಲ್ಕು ಹೆಜ್ಜೆ ಇಟ್ಟು ತಿರುಗಿದ. "ಸಂದೇಹ ಬಂದ್ರೆ ಹೊಡೀಬೇಡ."

ಹೊಂಡದ ಬದಿಯಲ್ಲಿ ಉರುಳಿಬಿದ್ದ ಮರದ ಹಿಂದೆ ಅವಳು ಎರಡು ಗಂಟೆಗೂ ಹೆಚ್ಚು ಕೂತಳು. ಕಾಲ್ಬೆರಳುಗಳು ಮೊದಲು ನೊಂದು, ಆಮೇಲೆ ಇದ್ದೂ ಇಲ್ಲದಂತಾದವು. ಹಿಮದ ಮೇಲೆ ಟ್ಯಾಮರ್ಯಾಕ್ ಎಲೆ ಚಿನ್ನದ ಪುಡಿಯಂತೆ ಉದುರುತ್ತಿತ್ತು. ಎಲ್ಕ್ ಬಂದದ್ದು ಸದ್ದಿಲ್ಲದೆ. ಮರಗಳ ನಡುವೆ ಒಂದು ಕೊಂಬೆ ಸರಿದಂತಾಯಿತು. ಅದು ಕೊಂಬೆಯಲ್ಲ, ಕೊಂಬು. ಗಂಡು, ಐದೈದು ಕವಲಿನದು. ಕತ್ತಿನ ಕಪ್ಪು ಕೂದಲಿಗೆ ಹಿಮ ಅಂಟಿತ್ತು. ಅದು ಹೊಂಡಕ್ಕೆ ಇಳಿದು ಮೂತಿಯಿಂದ ತೆಳು ಮಂಜುಗಡ್ಡೆ ಒಡೆದು ನೀರು ಕುಡಿಯಿತು.

ಎಪ್ಪತ್ತು ಹೆಜ್ಜೆ. ಬಂದೂಕಿನ ಹಿಡಿಗೆ ಕೆನ್ನೆ ಒತ್ತಿದಾಗ ಅವಳಿಗೆ ಎಲ್ಕ್ ಕಾಣಲಿಲ್ಲ. ಅಡುಗೆಮನೆಯ ಮೇಜಿನ ಮೇಲಿನ ಆ ಎಲುಬೇ ಕಂಡಿತು. ಸರಿಯಾಗಿ ಅದೇ ಜಾಗ. ಪಕ್ಕೆಲುಬಿಗೆ ಹೊಡೆದರೆ ಸುಲಭ. ಎಲುಬಿನ ಪರೀಕ್ಷೆಯೇ ಬೇಡ. ಅವಳು ಪಕ್ಕೆಯ ಕಡೆಗೆ ಗುರಿ ಸರಿಸಿದಳು. ಎಲ್ಕ್ ತಲೆಯೆತ್ತಿ, ಒಂದು ಹೆಜ್ಜೆ ತಿರುಗಿ, ಹೆಗಲನ್ನೇ ಅವಳಿಗೆ ಎದುರಾಗಿ ಒಡ್ಡಿ ನಿಂತಿತು. ಇನ್ನು ಬೇರೆ ಜಾಗವಿರಲಿಲ್ಲ. ಹೊಡೆಯಬೇಕು, ಇಲ್ಲವೇ ಬಿಟ್ಟುಬಿಡಬೇಕು. ಅವಳು ತನ್ನನ್ನೇ ಕೇಳಿಕೊಂಡಳು: ಸಂದೇಹ ಇದೆಯೇ? ಕಡಾಯಿಯ ಬಿಸಿ, ತವರದ ತೂಕ, ಪೆನ್ಸಿಲ್ಲಿನ ಗೆರೆ, ಒಂದೊಂದನ್ನೂ ಎರಕದ ಸಾಲು ಜೋಡಿಸಿದ ಪುಟದ ಕರಡು ತಿದ್ದುವಂತೆ ಮನಸ್ಸಿನಲ್ಲೇ ಓದಿ ನೋಡಿದಳು. ತಪ್ಪು ಕಾಣಲಿಲ್ಲ.

ಹೊಡೆದಳು.

ಹೊಗೆ ಸರಿದಾಗ ಎಲ್ಕ್ ಇನ್ನೂ ನಿಂತಿತ್ತು. ಅದು ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಮೂರನೆಯದಕ್ಕೆ ಕಾಲೆತ್ತಿ, ಅಲ್ಲೇ ಪಕ್ಕಕ್ಕೆ ಉರುಳಿತು. ಒದ್ದಾಡಲಿಲ್ಲ. ಹೊಂಡದ ನೀರಿನ ಅಲೆ ದಡಕ್ಕೆ ಬಂದು ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಹತ್ತಿರ ಹೋಗಿ, ಟೋಪಿ ತೆಗೆದು, ಅದರ ಕತ್ತಿನ ಮೇಲೆ ಕೈಯಿಟ್ಟು ಕೂತಳು. ಕೂದಲಿನ ಒಳಗೆ ಬೆಂಕಿಯ ಪಕ್ಕದಷ್ಟು ಬೆಚ್ಚಗಿತ್ತು.

ಆರಿನ್ ಇಳಿಜಾರಿನಲ್ಲಿ ಜಾರುತ್ತ, ಏದುಸಿರು ಬಿಡುತ್ತ ಬಂದ. "ಒಂದೇ ಸದ್ದು ಕೇಳಿಸ್ತು," ಎಂದ. "ಎರಡನೇದಕ್ಕೆ ಕಾದೆ. ಬರಲಿಲ್ಲ. ಓಡಿಹೋಯ್ತು ಅಂದ್ಕೊಂಡೆ." ಆಮೇಲೆ ಅವಳ ಹಿಂದೆ ಮಲಗಿದ್ದನ್ನು ಕಂಡ. ಹಿಮದಲ್ಲಿ ಹೆಜ್ಜೆ ಎಣಿಸಿದ. ಎಣಿಸುವುದಕ್ಕೆ ಬಹಳ ಇರಲಿಲ್ಲ.

ಇಬ್ಬರೂ ಸೇರಿ ಚರ್ಮ ಸುಲಿದರು. ಈ ಕಡೆಯ ಹೆಗಲ ಎಲುಬಿನಲ್ಲಿ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತು. ಆ ಕಡೆಯದೂ ಮುರಿದಿತ್ತು. ಆ ಕಡೆಯ ಚರ್ಮದ ಕೆಳಗೆ ಒಂದು ಗಂಟು ಆರಿನ್‌ನ ಬೆರಳಿಗೆ ಸಿಕ್ಕಿತು. ಅವನು ಚಾಕುವಿನ ತುದಿಯಿಂದ ಬಿಡಿಸಿ ಹಿಮದಲ್ಲಿ ಉಜ್ಜಿ ತೊಳೆದ. ಅಣಬೆ, ಇಡಿಯಾಗಿ. ಅದನ್ನು ಬೆಳಕಿಗೆ ಹಿಡಿದು, ಅಂಗೈಯಲ್ಲಿ ತೂಗಿ, ಮತ್ತೆ ಬೆಳಕಿಗೆ ಹಿಡಿದ.

"ಅವತ್ತು ಎರಡನೇ ದಿವಸ ಸಂಜೆ," ಎಂದ, ಗುಂಡನ್ನೇ ನೋಡುತ್ತ, "ರಕ್ತ ಹಿಮದಡೀಲಿ ಮುಚ್ಚಿಹೋಗಿತ್ತು. ಕೈಯಿಂದ ಹಿಮ ಗೋರಿ ಗೋರಿ ನೋಡ್ತಾ ಇದ್ದೆ. ಎಲ್ಲೋ ಹತ್ತಿರದಲ್ಲೇ ಅದು ಕೆಮ್ಮಿದ ಸದ್ದು ಕೇಳಿಸ್ತು ಥೋರಾ. ಮನುಷ್ಯರು ಕೆಮ್ಮಿದ ಹಾಗೆ. ಯಾವ ಕಡೆ ಅಂತ ತಿಳೀಲಿಲ್ಲ. ಕತ್ತಲಾಯ್ತು, ವಾಪಸ್ ಬಂದೆ. ಇದನ್ನ ಯಾರಿಗೂ ಹೇಳಿಲ್ಲ. ನಿನ್ನ ಲೋಹ ಸರಿಯಿಲ್ಲ ಅಂತ ಮಾತ್ರ ಎಲ್ಲರಿಗೂ ಹೇಳ್ಕೊಂಡು ಬಂದೆ."

"ಸರಿ ಇರಲಿಲ್ಲವಲ್ಲ," ಎಂದಳು ಅವಳು.

ಅವನು ಮತ್ತೆ ಚಾಕು ಹಿಡಿದ. ಎರಡು ತೊಡೆ ಬಿಡಿಸಿದ. ಆಮೇಲೆ, ತಲೆಯೆತ್ತದೆ, "ಆ ಬೆರಕೆ ಇನ್ನೂ ಇದೆಯಾ?" ಎಂದು ಕೇಳಿದ.

"ನಿನ್ನ ಬಂದೂಕು ಯಾವುದು?"

"ನಿನಗೆ ಗೊತ್ತಿಲ್ವಾ? ಹಳೇದು, ಮೂವತ್ತರ ಅಳತೆ ನಳಿಕೇದು."

"ಅದು ಗುಂಡನ್ನ ಇದಕ್ಕಿಂತ ಜೋರಾಗಿ ಓಡಿಸುತ್ತೆ. ಇದು ನಿನಗೆ ಮೆದು ಆಗುತ್ತೆ, ನಳಿಕೆಗೆ ಅಂಟುತ್ತೆ. ಮದ್ದು ಎಷ್ಟು ತುಂಬ್ತೀಯ? ಹೊಡೆಯೋದು ಎಲ್ಕಿಗಾ ಸಣ್ಣ ಜಿಂಕೆಗಾ? ಎಷ್ಟು ದೂರ? ಅದೆಲ್ಲ ಹೇಳು, ಆಮೇಲೆ ಬೆರಕೆ ಯೋಚನೆ ಮಾಡೋಣ." ಅವಳು ಕೈಯಲ್ಲಿದ್ದ ಗರಗಸವನ್ನು ಕೆಳಗಿಟ್ಟಳು. "ಹೋದ ವರ್ಷ ಡಬ್ಬಿ ಹಿಡ್ಕೊಂಡು ಬಂದಾಗ ನಾನು ನಿನ್ನ ಇದನ್ನೆಲ್ಲ ಕೇಳಬೇಕಾಗಿತ್ತು ಆರಿನ್. ಕೇಳಲಿಲ್ಲ."

ಅವನು ತಲೆಯಾಡಿಸಿದ. ಗುಂಡನ್ನು ಅವಳಿಗೆ ಕೊಡಲು ಕೈ ಚಾಚಿದವನು, "ಇವತ್ತೊಂದು ದಿವಸ ನನ್ನ ಹತ್ರ ಇರಲಾ?" ಎಂದ.

ಮಾಂಸವನ್ನು ಹಿಮದ ಮೇಲೆ ಜಾರುವ ಸ್ಲೆಡ್ ಬಂಡಿಯಲ್ಲಿ ನಾಲ್ಕು ಸಲ ಎಳೆದು ಪಿಕಪ್ಪಿಗೆ ತುಂಬುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಪೇಟೆಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಕೊಂಬು ಕಂಡು ಏಳೆಂಟು ಜನ ಸೇರಿದರು. ಯಾರೋ, "ಆರಿನ್, ಅಂತೂ ಸಿಕ್ತಲ್ಲಪ್ಪ," ಎಂದರು.

"ನನ್ನದಲ್ಲ," ಎಂದ ಆರಿನ್. ಜೇಬಿನಿಂದ ಗುಂಡು ತೆಗೆದು ಪಿಕಪ್ಪಿನ ಮುಂಬದಿಯ ಮೇಲೆ ಟಕ್ಕೆಂದು ಇಟ್ಟ. "ಥೋರಾಳದು. ನೋಡ್ಕೊಳ್ಳಿ. ಎರಡೂ ಹೆಗಲು ದಾಟಿ ಬಂದಿದೆ, ಒಂದು ಚೂರು ಹೋಗಿಲ್ಲ. ನೂರಾ ಇಪ್ಪತ್ತು ಹೆಜ್ಜೆ ದೂರದಿಂದ."

"ಎಪ್ಪತ್ತು," ಎಂದಳು ಥೋರಾ ಕಿಟಕಿಯೊಳಗಿಂದ.

"ಎಪ್ಪತ್ತು," ಎಂದು ತಿದ್ದಿಕೊಂಡ ಆರಿನ್. "ಎರಡು ಹೆಜ್ಜೆ ಹೋಗಿ ಬಿತ್ತು."

ಗುಂಡು ಕೈಯಿಂದ ಕೈಗೆ ಹೋಯಿತು. ಕ್ಷೌರದಂಗಡಿಯವನು ಕನ್ನಡಕ ಮೇಲೆತ್ತಿ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ. ಆಮೇಲೆ ಕಿಟಕಿಯ ಹತ್ತಿರ ಬಂದು, ಟೋಪಿ ಮುಟ್ಟಿ, ತನ್ನಲ್ಲೊಂದು ಹಳೆಯ ಬಂದೂಕಿದೆಯೆಂದೂ, ಅದಕ್ಕೆ ಯಾವ ಲೋಹ ಸರಿಹೋದೀತೆಂದೂ, ಯಾವಾಗ ಬಂದರೆ ಅವಳಿಗೆ ಅನುಕೂಲವೆಂದೂ ಕೇಳಿದ. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು.

"ಮಂಗಳವಾರ ಬಾ," ಎಂದಳು ಅವಳು. "ಬಂದೂಕೂ ತಗೊಂಡು ಬಾ. ನೋಡದೆ ಹೇಳಲ್ಲ."

ಸಂಜೆಗೆ ಮುಂಚೆಯೇ ನಾಲ್ಕೂ ಕಾಲುಭಾಗಗಳನ್ನು ಸೌದೆ ಕೊಟ್ಟಿಗೆಯ ತೊಲೆಗೆ ತೂಗುಹಾಕಿ ಆಯಿತು. ಲೈಲ್ ಎಲ್ಕ್‌ನ ಈಲಿಯನ್ನು ಈರುಳ್ಳಿಯೊಂದಿಗೆ ಹುರಿದ. ಮೂವರೂ ಬಾಣಲೆಯಿಂದಲೇ ಬಡಿಸಿಕೊಂಡು ತಿಂದರು. ಆರಿನ್ ಮೂರನೆಯ ಸಲ ಬಡಿಸಿಕೊಂಡ. ತಿನ್ನುತ್ತಲೇ ತನ್ನ ಹೆಂಡತಿ ಒಮ್ಮೆ ಈಲಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದ ಕಥೆ ಹೇಳಿದ. ಅದನ್ನು ಅವನು ಈ ಆರು ವರ್ಷದಲ್ಲಿ ಮಾತ್ರವಲ್ಲ, ಎಂದೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಥೋರಾ ಕಾಫಿ ಲೋಟ ಹಿಡಿದು ಕೊಟ್ಟಿಗೆಗೆ ಹೋದಳು. ಮೋಡ ಚದುರಿ ಆಕಾಶ ತೆರೆದಿತ್ತು. ಮಾಂಸದ ಮೇಲ್ಮೈ ಚಳಿಗೆ ಒಣಗಿ ಕಪ್ಪುಗೆಂಪಾಗಿತ್ತು. ಹೊರಗಿನ ಪಕ್ಕೆಯ ಮೇಲೆ ಒಂದು ಮ್ಯಾಗ್‌ಪೈ ಹಕ್ಕಿ, ಕಪ್ಪು ಬಿಳುಪಿನದು, ಉದ್ದ ಬಾಲ ಅಲ್ಲಾಡಿಸುತ್ತ ಕೊಬ್ಬು ಕುಕ್ಕುತ್ತಿತ್ತು. ಅದನ್ನು ಓಡಿಸಲು ಅವಳು ಕೈಯೆತ್ತಿ, ಹಾಗೇ ನಿಲ್ಲಿಸಿ, ಅದರ ಪಾಲು ಅದಕ್ಕಿರಲಿ ಎಂದು ಕೈ ಕೆಳಗಿಳಿಸಿದಳು. ಹಕ್ಕಿ ಅವಳನ್ನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ಬಿಳಿಯ ಕೊಬ್ಬಿನ ಒಂದು ಉದ್ದನೆಯ ಎಳೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಟ್ಯಾಮರ್ಯಾಕ್ ಮರದ ತುದಿಗೆ ಹಾರಿತು. ಕೊಂಬೆ ಅದರ ಭಾರಕ್ಕೆ ಬಾಗಿ, ಉಳಿದಿದ್ದ ಎಲೆಗಳನ್ನು ಒಮ್ಮೆಗೇ ಉದುರಿಸಿ, ಮತ್ತೆ ನೆಟ್ಟಗಾಯಿತು.